ದೂರ ನಿಂತವರಿಗೆ ಒಲಿಯುವ ಕಡಲು

ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದ ಪೂರ್ವ ಕರಾವಳಿಯಲ್ಲಿ, ಕೈಕೌರಾದಿಂದ ಕ್ಯಾಟ್ಲಿನ್ಸ್‌ವರೆಗೆ ಕ್ಯಾಂಪರ್‌ವ್ಯಾನ್ ಪಯಣ

ನ್ಯೂಜಿಲೆಂಡ್‌ನ ಒಂದನೇ ನಂಬರಿನ ಹೆದ್ದಾರಿ ದಕ್ಷಿಣ ದ್ವೀಪದ ಪಿಕ್ಟನ್ ಬಂದರಿನಿಂದ ಹೊರಟು, 900 ಕಿ.ಮೀ.ಗೂ ಹೆಚ್ಚು ಸಾಗಿ, ಬ್ಲಫ್ ಎಂಬ ತುದಿಯೂರಿನಲ್ಲಿ ಮುಗಿಯುತ್ತದೆ. ಕೈಕೌರಾ ಸೀಮೆಯಲ್ಲಿ ಈ ರಸ್ತೆಗೆ ಬಲಗಡೆ ಬೆಟ್ಟ, ಎಡಗಡೆ ಪೆಸಿಫಿಕ್ ಸಾಗರ. ನಡುವೆ ಒಂದು ರೈಲು ಹಳಿ, ಒಂದು ಡಾಂಬರು ರಸ್ತೆಗೆ ಆಗುವಷ್ಟೇ ಜಾಗ. ಅಲೆ ಜೋರಾದ ದಿನ ಉಪ್ಪುನೀರಿನ ತುಂತುರು ಬಂಡಿಯ ಗಾಜಿಗೆ ಬಂದು ಬೀಳುತ್ತದೆ.

ಕೈಕೌರಾ ಪಟ್ಟಣ ಇನ್ನೂ ಇಪ್ಪತ್ತು ಚಿಲ್ಲರೆ ಕಿ.ಮೀ. ಇರುವಾಗ ಓಹೌ ಪಾಯಿಂಟ್ ಸಿಗುತ್ತದೆ. ವ್ಯಾನ್ ನಿಲ್ಲಿಸಿ ಕಿಟಕಿ ಇಳಿಸಿದರೆ ಮೊದಲು ಮೂಗಿಗೆ ಬಡಿಯುವುದು ಮೀನಿನ ಗಾಢ ವಾಸನೆ. ಆಮೇಲೆ ಕಿವಿಗೆ ಗುಟುರು, ಕೆಮ್ಮು, ಮರಿಗಳ ಅಳು. ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ಬರೀ ಕಂದು ಬಂಡೆಗಳು. ಒಂದೆರಡು ನಿಮಿಷ ದಿಟ್ಟಿಸಿದ ಮೇಲೆ ಒಂದು ಬಂಡೆ ಹೊರಳಿ ಮೈ ಕೆರೆದುಕೊಳ್ಳುತ್ತದೆ. ಇನ್ನೊಂದು ತಲೆಯೆತ್ತಿ ಆಕಳಿಸುತ್ತದೆ. ಆಗ ತಿಳಿಯುತ್ತದೆ, ಆ ತೀರದ ತುಂಬ ಮಲಗಿರುವುದು ಫರ್ ಸೀಲ್‌ಗಳು. ಈ ನಾಡಿನ ಮೂಲನಿವಾಸಿಗಳಾದ ಮಾವೊರಿಗಳು ಇವನ್ನು ಕೆಕೆನೊ ಎನ್ನುತ್ತಾರೆ.

ಹದಿನೆಂಟನೇ ಶತಮಾನದ ಕೊನೆಯಿಂದ ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳವರೆಗೆ ತುಪ್ಪಳಕ್ಕಾಗಿ ಇವುಗಳನ್ನು ಲೆಕ್ಕವಿಲ್ಲದಷ್ಟು ಕೊಂದರು. ಸಂತತಿಯೇ ಅಳಿಯುವ ಹಂತಕ್ಕೆ ಬಂದಿತ್ತು. ಇಂದು ತಾಯಿ ಸೀಲ್ ರಸ್ತೆಯ ಪಕ್ಕದಲ್ಲೇ ಮರಿಗೆ ಹಾಲೂಡಿಸುತ್ತದೆ. ಅವುಗಳ ಪಾಡಿಗೆ ಅವನ್ನು ಬಿಡಲು ಮನುಷ್ಯ ಕಲಿತದ್ದರಿಂದ ಇದಾಯಿತು. ಈ ಕರಾವಳಿಯುದ್ದಕ್ಕೂ ನಾನು ಮತ್ತೆ ಮತ್ತೆ ಕಂಡದ್ದು ಇದನ್ನೇ.

ಗಾಲಿಯ ಮೇಲಿನ ಮನೆ

ಇಲ್ಲಿ ಕಾಡುಪ್ರಾಣಿ ನೋಡಲು ಕ್ಯಾಂಪರ್‌ವ್ಯಾನ್‌ನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಕಾರಣ ಸರಳ. ಪೆಂಗ್ವಿನ್ ಕಡಲಿನಿಂದ ಮೇಲೆ ಬರುವುದು ಮುಸ್ಸಂಜೆಗೆ, ಮರಳುವುದು ನಸುಕಿಗೆ. ಸಮುದ್ರದ ಇಳಿತ ಗಡಿಯಾರ ನೋಡಿ ಬರುವುದಿಲ್ಲ. ಪ್ರವಾಸಿ ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಟುಹೋಗುತ್ತವೆ. ಹೋಟೆಲಿನಲ್ಲಿ ಉಳಿದವರು ಊಟದ ಹೊತ್ತಿಗೆ ಊರು ಸೇರಬೇಕು. ವ್ಯಾನಿನಲ್ಲಿರುವವರು ಹಾಗಲ್ಲ. ತೀರದ ಹತ್ತಿರದ ಕ್ಯಾಂಪ್‌ಸೈಟಿನಲ್ಲಿ ಬಂಡಿ ನಿಲ್ಲಿಸಿ, ಪುಟ್ಟ ಗ್ಯಾಸ್ ಒಲೆಯ ಮೇಲೆ ಅನ್ನಕ್ಕಿಟ್ಟು, ಸಾರಿಗೆ ಒಗ್ಗರಣೆ ಹಾಕಿ, ಉಂಡು, ಬೆಚ್ಚಗೆ ಜಾಕೆಟ್ ತೊಟ್ಟು ಕತ್ತಲಾಗುವವರೆಗೂ ಕಾಯಬಹುದು. ಬೇಳೆ, ಸಾರಿನ ಪುಡಿ, ಸಾಸಿವೆ, ಕರಿಬೇವು ಕ್ರೈಸ್ಟ್‌ಚರ್ಚ್‌ನ ಭಾರತೀಯ ಅಂಗಡಿಗಳಲ್ಲೇ ಸಿಗುತ್ತವೆ.

ನಮ್ಮ ವ್ಯಾನಿನಲ್ಲಿ ಮಡಚಿದರೆ ಸೋಫಾ, ಬಿಡಿಸಿದರೆ ಹಾಸಿಗೆಯಾಗುವ ಆಸನ. ಒಂದು ಸಿಂಕು, ಪುಟ್ಟ ಫ್ರಿಜ್ಜು, ಎರಡನೇ ಬ್ಯಾಟರಿ, ಕುಡಿಯುವ ನೀರಿಗೊಂದು ಟ್ಯಾಂಕ್, ಬಳಸಿದ ನೀರಿಗೆ ಇನ್ನೊಂದು. ಶೌಚದ ಪೆಟ್ಟಿಗೆಯೂ ಒಳಗೇ. ಆ ಪೆಟ್ಟಿಗೆಗೆ, ಬಳಸಿದ ನೀರಿನ ಆ ಟ್ಯಾಂಕಿಗೆ ಅಲ್ಲಿ ಬಹಳ ಮಹತ್ವವಿದೆ. ಬಯಲಲ್ಲಿ ಬಿಡಾರ ಹೂಡುವುದಕ್ಕೆ 2011ರಲ್ಲೇ ಪ್ರತ್ಯೇಕ ಕಾನೂನು ಬಂತು. 2023ರಲ್ಲಿ ಅದನ್ನು ಬಿಗಿ ಮಾಡಿ, ವಾಹನದಲ್ಲಿ ಕದಲದಂತೆ ಜೋಡಿಸಿದ ಶೌಚಾಲಯ ಇದ್ದರೆ ಮಾತ್ರ ‘ಸ್ವಯಂಪೂರ್ಣ’ ಎಂಬ ಪ್ರಮಾಣಪತ್ರ ಕೊಡುವ ನಿಯಮ ತಂದರು. ಕೊಳೆನೀರನ್ನು ಕಂಡಲ್ಲಿ ಚೆಲ್ಲುವಂತಿಲ್ಲ. ಊರೂರಲ್ಲಿರುವ ಡಂಪ್ ಸ್ಟೇಷನ್‌ಗೆ ಒಯ್ದೇ ಖಾಲಿ ಮಾಡಬೇಕು. ಮೊದಲಿಗೆ ಇದೊಂದು ರಗಳೆ ಅನ್ನಿಸುತ್ತದೆ. ಆದರೆ ನಾವು ಚೆಲ್ಲಿದ್ದು ಸೇರುವ ಕಡಲಿನಲ್ಲೇ ಡಾಲ್ಫಿನ್ ಮರಿ ಹಾಕುತ್ತದೆ ಎಂದು ಕಣ್ಣಾರೆ ಕಂಡ ಮೇಲೆ ಆ ಕೆಲಸ ಭಾರವೆನಿಸುವುದಿಲ್ಲ.

ಸಾವಿರ ಮೀಟರ್ ಆಳದ ನೆರೆಹೊರೆ

ಕೈಕೌರಾ ಚಿಕ್ಕ ಪಟ್ಟಣ. ಅದರ ದಕ್ಷಿಣಕ್ಕೆ, ದಡದಿಂದ ಅಷ್ಟೇನೂ ದೂರವಿಲ್ಲದೆ, ಕಡಲ ತಳ ಒಮ್ಮೆಲೇ ಕುಸಿದು ಸಾವಿರ ಮೀಟರಿಗೂ ಹೆಚ್ಚು ಆಳದ ಕಣಿವೆಯಾಗಿದೆ. ಬೇರೆ ಕಡೆ ಇಷ್ಟು ಆಳದ ನೀರು ಕಾಣಲು ದೋಣಿಯಲ್ಲಿ ಬಹಳ ದೂರ ಹೋಗಬೇಕಾದೀತು. ಆಳದ ತಣ್ಣನೆಯ ನೀರು ಪೋಷಕಾಂಶ ಹೊತ್ತು ಮೇಲೇರುತ್ತದೆ. ಅದನ್ನು ನಂಬಿ ಸೂಕ್ಷ್ಮಜೀವಿಗಳು, ಅವನ್ನು ನಂಬಿ ಮೀನು, ಬೊಂಡಾಸು (ಸ್ಕ್ವಿಡ್), ಇವೆಲ್ಲವನ್ನೂ ನಂಬಿ ಸ್ಪರ್ಮ್ ವೇಲ್ ಎಂಬ ದೈತ್ಯ ತಿಮಿಂಗಿಲಗಳು. ಇಲ್ಲಿರುವ ಬಹುತೇಕ ಎಲ್ಲವೂ ಗಂಡು. ವರ್ಷವಿಡೀ ಕಾಣಸಿಗುತ್ತವೆ.

ದೋಣಿಯವರು ನೀರಿಗೆ ಹೈಡ್ರೋಫೋನ್ ಎಂಬ ನೀರೊಳಗಿನ ಮೈಕ್ ಇಳಿಸಿ ಕಿವಿಗೊಡುತ್ತಾರೆ. ಆಳದಲ್ಲಿ ಬೇಟೆಯಾಡುವ ತಿಮಿಂಗಿಲ ಟಕ್ ಟಕ್ ಎಂದು ಸದ್ದು ಹೊರಡಿಸುತ್ತಿರುತ್ತದೆ. ಸದ್ದು ನಿಂತಿತೆಂದರೆ ಅದು ಮೇಲೆ ಬರುತ್ತಿದೆ ಎಂದರ್ಥ. ನಲವತ್ತು ನಿಮಿಷವೋ ಒಂದು ತಾಸೋ ಮುಳುಗಿದ್ದ ಜೀವ ಮೇಲೆ ಬಂದು ಬಿಡುವ ಮೊದಲ ಉಸಿರು ನೆಟ್ಟಗೆ ಚಿಮ್ಮುವುದಿಲ್ಲ, ಎಡಕ್ಕೆ ವಾಲಿ ಚಿಮ್ಮುತ್ತದೆ. ಅದರ ಉಸಿರುರಂಧ್ರ ಇರುವುದು ತಲೆಯ ಎಡಬದಿಯಲ್ಲಿ. ಹತ್ತು ನಿಮಿಷದ ಹೊತ್ತು ಮರದ ದಿಮ್ಮಿಯ ಹಾಗೆ ತೇಲುತ್ತ ಉಸಿರು ತುಂಬಿಕೊಳ್ಳುತ್ತದೆ. ಬಳಿಕ ಬೆನ್ನು ಬಾಗಿಸಿ, ಬಾಲದ ಎರಡು ಹಾಳೆಗಳನ್ನು ಆಕಾಶಕ್ಕೆತ್ತಿ, ನೀರು ಸುರಿಸುತ್ತ ಕೆಳಗಿಳಿಯುತ್ತದೆ. ಅದು ಮುಳುಗಿದ ಜಾಗದಲ್ಲಿ ಎಣ್ಣೆ ಹರಡಿದಂತೆ ನುಣ್ಣನೆಯ ನೀರಿನ ಒಂದು ವೃತ್ತ ಕೆಲಹೊತ್ತು ಉಳಿಯುತ್ತದೆ. ದೋಣಿ 50 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ. ಒಂದು ತಿಮಿಂಗಿಲದ ಸುತ್ತ 300 ಮೀಟರಿನೊಳಗೆ ಮೂರಕ್ಕಿಂತ ಹೆಚ್ಚು ದೋಣಿ ಇರುವಂತಿಲ್ಲ.

ಇದೇ ಊರು ತಿಮಿಂಗಿಲ ಕೊಂದೇ ಹುಟ್ಟಿದ್ದು. 1840ರ ದಶಕದಲ್ಲಿ ರಾಬರ್ಟ್ ಫೈಫ್ ಇಲ್ಲಿ ಬೇಟೆಯ ಠಾಣೆ ಹಾಕಿದ. ಅವನ ಹೆಸರಿನ ಮನೆ ಇಂದಿಗೂ ನಿಂತಿದೆ. ಅದರ ಅಡಿಪಾಯದಲ್ಲಿರುವುದು ತಿಮಿಂಗಿಲಗಳ ಬೆನ್ನುಮೂಳೆ. ದೇಶದಲ್ಲಿ ಈ ಬೇಟೆ ಕೊನೆಯಾದದ್ದು 1964ರಲ್ಲಿ. 1978ರಲ್ಲಿ ಕಡಲ ಸಸ್ತನಿಗಳ ರಕ್ಷಣೆಗೆ ಕಾಯ್ದೆ ಬಂತು. ಎಂಬತ್ತರ ದಶಕದಲ್ಲಿ ಊರಲ್ಲಿ ಕೆಲಸಗಳು ಹೋದಾಗ ಹೆಚ್ಚು ಪೆಟ್ಟು ತಿಂದವರು ಸ್ಥಳೀಯ ಮಾವೊರಿಗಳು. ಅವರ ಕೆಲವು ಕುಟುಂಬಗಳು ಮನೆ ಅಡವಿಟ್ಟು 1987ರಲ್ಲಿ ‘ವೇಲ್ ವಾಚ್ ಕೈಕೌರಾ’ ಆರಂಭಿಸಿದವು. ತಿಮಿಂಗಿಲದ ಬೆನ್ನೇರಿ ಬಂದನೆಂದು ಅವರು ನಂಬುವ ಪೂರ್ವಜ ಪೈಕೆಯಾ. ಆ ತಿಮಿಂಗಿಲವೇ ಮತ್ತೊಮ್ಮೆ ಅವರ ಊರನ್ನು ದಡ ಸೇರಿಸಿತು. ಸತ್ತ ತಿಮಿಂಗಿಲ ಒಮ್ಮೆ ಮಾತ್ರ ಅನ್ನ ಕೊಟ್ಟರೆ, ಬದುಕಿದ್ದು ಮೂರು ತಲೆಮಾರಿಗೆ ಕೊಡುತ್ತದೆ.

2016ರ ನವೆಂಬರ್ 14ರ ಮಧ್ಯರಾತ್ರಿ ಕಳೆದ ಹೊತ್ತಿನಲ್ಲಿ 7.8ರ ತೀವ್ರತೆಯ ಭೂಕಂಪ ಈ ಕರಾವಳಿಯನ್ನು ಅಲುಗಾಡಿಸಿತು. ಕಡಲ ತಳ ಹಲವೆಡೆ ಮೀಟರುಗಟ್ಟಲೆ ಮೇಲೆದ್ದು, ನೀರಿನಡಿ ಇದ್ದ ಬಂಡೆ, ಪಾಚಿ, ಚಿಪ್ಪುಜೀವಿಗಳೆಲ್ಲ ಬಿಸಿಲಿಗೆ ಬಿದ್ದವು. ಓಹೌ ಬಳಿ ಬೆಟ್ಟ ಕುಸಿಯಿತು. ಸೀಲ್ ಮರಿಗಳು ತೊರೆಗುಂಟ ಹತ್ತಿಹೋಗಿ ಜಲಪಾತದ ಮಡುವಿನಲ್ಲಿ ಆಡುತ್ತಿದ್ದ ತಾಣ ಹಾಳಾಯಿತು. ಪಟ್ಟಣದ ಉತ್ತರಕ್ಕೆ ಹೆದ್ದಾರಿ ಮತ್ತೆ ತೆರೆದದ್ದು 2017ರ ಡಿಸೆಂಬರಿನಲ್ಲಿ. ಸೀಲ್‌ಗಳು ಮಾತ್ರ ಹೊಸ ಬಂಡೆಗಳ ಮೇಲೆ ಮತ್ತೆ ಸಂಸಾರ ಹೂಡಿವೆ.

ಕತ್ತಲಲ್ಲಿ ಮನೆಗೆ ಬರುವವರು

ಕ್ರೈಸ್ಟ್‌ಚರ್ಚ್ ದಾಟಿದರೆ ಬಯಲುಸೀಮೆ. ಗಂಟೆಗಟ್ಟಲೆ ಹುಲ್ಲುಗಾವಲು, ದನ, ಕುರಿ. ಈ ಭಾಗವನ್ನು ಬೇಗ ಮುಗಿಸಿ ಓಮರೂ ಸೇರಿದರೆ ಒಳ್ಳೆಯದು. ಬಿಳಿ ಸುಣ್ಣಕಲ್ಲಿನ ಹಳೆಯ ಕಟ್ಟಡಗಳಿಗೆ ಹೆಸರಾದ ಊರು ಇದು. ಬಂದರಿನ ಬದಿಯಲ್ಲಿ ಕೈಬಿಟ್ಟ ಒಂದು ಕಲ್ಲುಗಣಿ ಇದೆ. ಆ ಗಣಿಯೇ ಈಗ ಜಗತ್ತಿನ ಅತಿ ಚಿಕ್ಕ ಪೆಂಗ್ವಿನ್‌ಗಳ ಬೀಡು.

ನೀಲಿ ಪೆಂಗ್ವಿನ್, ಮಾವೊರಿಯಲ್ಲಿ ಕೊರೊರಾ, ತೂಕದಲ್ಲಿ ಒಂದು ಸಕ್ಕರೆ ಪೊಟ್ಟಣದಷ್ಟು. ಎತ್ತರ ಒಂದಡಿಗೆ ಚೂರು ಹೆಚ್ಚು. ಇಡೀ ದಿನ ಕಡಲಲ್ಲಿ ಮೀನು ಹಿಡಿದು, ಪೂರ್ತಿ ಕತ್ತಲಾದ ಮೇಲೆ ಗುಂಪಾಗಿ ದಡಕ್ಕೆ ಬರುತ್ತವೆ. ನೀರಿನ ಮೇಲೆ ಮೊದಲಿಗೆ ಒಂದು ಕಪ್ಪು ತೇಪೆ ಕಾಣುತ್ತದೆ. ಅಲೆಯೊಂದು ಅದನ್ನು ಬಂಡೆಗೆ ಎಸೆದು ಹಿಂದೆ ಸರಿದಾಗ ಹತ್ತಿಪ್ಪತ್ತು ಹಕ್ಕಿಗಳು ಎದ್ದು ನಿಲ್ಲುತ್ತವೆ. ಒದ್ದೆ ಮೈ ಕೊಡವಿ, ಮುಗ್ಗರಿಸಿ, ಸಾವರಿಸಿಕೊಂಡು ಏರು ಹತ್ತುತ್ತವೆ. ಮುಂದಿನದು ನಿಂತರೆ ಹಿಂದಿನವೂ ನಿಲ್ಲುತ್ತವೆ. ನೆಲ ಸಮವಾದ ಕೂಡಲೇ ಎಲ್ಲವೂ ಕುತ್ತಿಗೆ ಮುಂದೆ ಚಾಚಿ ಗೂಡಿನತ್ತ ಓಡುತ್ತವೆ. ಮರುಕ್ಷಣ ಗೂಡುಗಳಿಂದ ಕರ್ಕಶವಾದ ಕೂಗಾಟ. ಇಷ್ಟು ಚಿಕ್ಕ ಹಕ್ಕಿಗೆ ಅಷ್ಟು ದೊಡ್ಡ ಗಂಟಲು ಎಲ್ಲಿಂದ ಬಂತೋ!

ಊರಿನವರು ಇಲ್ಲಿ ಮರದ ಗೂಡುಪೆಟ್ಟಿಗೆ ಇಟ್ಟರು, ನಾಯಿ ಬರದಂತೆ ಬೇಲಿ ಹಾಕಿದರು, ಪೊದೆ ನೆಟ್ಟರು. ವಾಹನದಡಿ ಸಿಕ್ಕಿ ಸಾಯದಿರಲೆಂದು ರಸ್ತೆಯ ಕೆಳಗೆ ಪೆಂಗ್ವಿನ್‌ಗಳಿಗಾಗಿಯೇ ದಾರಿ ಕೊರೆದರು. 1993ರಿಂದ ಟಿಕೆಟ್ ಪಡೆದು ಕೂತು ನೋಡುವ ವ್ಯವಸ್ಥೆ ಇದೆ. ಫೋಟೊ ತೆಗೆಯುವಂತಿಲ್ಲ. ನೂರಾರು ಜನ ಫೋನು ಜೇಬಿನಲ್ಲಿಟ್ಟು, ಮಾತಿಲ್ಲದೆ, ಬರಿಗಣ್ಣಲ್ಲಿ ನೋಡುತ್ತ ಕೂರುವುದನ್ನು ಈ ಕಾಲದಲ್ಲಿ ಬೇರೆಲ್ಲಿ ಕಾಣಲಾದೀತು?

ಓಮರೂವಿನಿಂದ ತುಸು ದಕ್ಷಿಣಕ್ಕೆ ಮೊಯೆರಾಕಿ. ಮರಳ ಮೇಲೆ ಎರಡು ಮೀಟರ್ ವ್ಯಾಸದವರೆಗಿನ ದುಂಡು ಕಲ್ಲುಗಳು. ಸುಮಾರು 6 ಕೋಟಿ ವರ್ಷಗಳ ಹಿಂದೆ ಕಡಲ ತಳದ ಕೆಸರಿನಲ್ಲಿ ಖನಿಜ ಪದರಪದರವಾಗಿ ಕಟ್ಟಿಕೊಂಡು ಆದವು. ಅಲೆ ದಂಡೆಯನ್ನು ಕೊರೆದಂತೆಲ್ಲ ಒಂದೊಂದೇ ಹೊರಬರುತ್ತಿವೆ.

ಮೇಷ್ಟ್ರು ಕಾದ ಗೂಡು

ಡ್ಯುನೆಡಿನ್ ನಗರದಿಂದ ಕಡಲಿಗೆ ಚಾಚಿದ ಒಟಾಗೊ ಪರ್ಯಾಯ ದ್ವೀಪದ ತುದಿ ಟೈಯರೋವಾ ಭೂಶಿರ. ರೆಕ್ಕೆ ಬಿಚ್ಚಿದರೆ ಮೂರು ಮೀಟರಿನಷ್ಟಾಗುವ ರಾಯಲ್ ಆಲ್ಬಟ್ರಾಸ್‌ಗಳು ದೂರದ ನಿರ್ಜನ ದ್ವೀಪಗಳನ್ನು ಬಿಟ್ಟು ದೇಶದ ಮುಖ್ಯ ಭೂಭಾಗದಲ್ಲಿ ಗೂಡು ಕಟ್ಟುವುದು ಇಲ್ಲಿ ಮಾತ್ರ.

ಗಾಳಿ ಇಲ್ಲದ ದಿನ ಇವು ಹಾರುವುದಿಲ್ಲ, ಹುಲ್ಲಿನಲ್ಲಿ ಸುಮ್ಮನೆ ಕೂತಿರುತ್ತವೆ. ನಾವು ಹೋದ ದಿನ ನಿಂತವರನ್ನು ತಳ್ಳುವಂಥ ಗಾಳಿ. ಹಿಂದಿನಿಂದ ಬಂದ ಒಂದು ಹಕ್ಕಿ ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ರೆಕ್ಕೆ ಒಮ್ಮೆಯೂ ಬಡಿಯಲಿಲ್ಲ. ಗಾಳಿ ಗರಿಗಳನ್ನು ಸೀಳುವ ‘ಸುಂಯ್’ ಸದ್ದು ಮಾತ್ರ ಕೇಳಿಸಿತು. ರೆಕ್ಕೆಯ ತುದಿ ಅಷ್ಟೇ ಅಷ್ಟು ಬಾಗಿಸಿ, ಭೂಶಿರವನ್ನು ಬಳಸಿ, ಕ್ಷಣಾರ್ಧದಲ್ಲಿ ಕಡಲ ಮೇಲಿತ್ತು.

ಇಲ್ಲಿ ಮೊದಲ ಮೊಟ್ಟೆ ಕಂಡದ್ದು 1920ರಲ್ಲಿ. ಮುಂದಿನ ವರ್ಷಗಳಲ್ಲಿ ಮೊಟ್ಟೆ, ಮರಿಗಳು ಕಳ್ಳರಿಗೆ, ನಾಯಿಗಳಿಗೆ ಬಲಿಯಾಗುತ್ತಲೇ ಹೋದವು. ಡ್ಯುನೆಡಿನ್ ಸುತ್ತಲಿನ ಶಾಲೆಗಳಲ್ಲಿ ಕೃಷಿ ಪಾಠ ಹೇಳುತ್ತಿದ್ದ ಲ್ಯಾನ್ಸ್ ರಿಚ್‌ಡೇಲ್ ಎಂಬ ಮೇಷ್ಟ್ರು ಇದನ್ನು ಕಂಡು ಸುಮ್ಮನಿರಲಿಲ್ಲ. ಬಿಡುವಿನ ವೇಳೆಯಲ್ಲೆಲ್ಲ ಅಲ್ಲಿಗೆ ಹೋಗಿ ಗೂಡಿಗೆ ಕಾವಲಿದ್ದರು. 1938ರಲ್ಲಿ ಆ ಗೂಡಿನಿಂದ ಮೊದಲ ಮರಿ ಕಡಲಿಗೆ ಹಾರಿತು. ಅವರ ಕಾಲದಲ್ಲಿ, 1937ರಲ್ಲಿ, ಕಾಲಿಗೆ ಬಳೆ ತೊಡಿಸಿದ ಹೆಣ್ಣು ಹಕ್ಕಿಯೊಂದು 1989ರವರೆಗೂ ಇಲ್ಲಿಗೆ ಬರುತ್ತಿತ್ತು. ಜನ ಅದನ್ನು ‘ಅಜ್ಜಿ’ ಎಂದೇ ಕರೆದರು.

ಮೊಟ್ಟೆಗೆ ಕಾವು ಕೊಡಲು ಹನ್ನೊಂದು ವಾರ, ಮರಿ ಬೆಳೆಸಲು ಸುಮಾರು ಎಂಟು ತಿಂಗಳು. ಅಪ್ಪ ಅಮ್ಮ ಇಬ್ಬರೂ ಸರದಿಯ ಮೇಲೆ ದುಡಿಯುತ್ತವೆ. ಹಾಗಾಗಿ ಒಂದು ಜೋಡಿ ಮರಿ ಮಾಡುವುದು ಎರಡು ವರ್ಷಕ್ಕೊಮ್ಮೆ, ಅದೂ ಒಂದೇ. ಗೂಡು ಬಿಟ್ಟ ಮರಿ ಪೆಸಿಫಿಕ್ ದಾಟಿ ದಕ್ಷಿಣ ಅಮೆರಿಕದ ಕಡಲಿಗೆ ಹೋಗುತ್ತದೆ. ವರ್ಷಗಟ್ಟಲೆ ನೆಲಕ್ಕೆ ಕಾಲಿಡದೆ ಬೆಳೆದು, ಪ್ರಾಯಕ್ಕೆ ಬಂದ ಮೇಲೆ ಹುಟ್ಟಿದ ಗುಡ್ಡಕ್ಕೇ ಮರಳುತ್ತದೆ. ಬಿಸಿಲು ಹೆಚ್ಚಾದ ದಿನ ವನ್ಯಜೀವಿ ಸಿಬ್ಬಂದಿ ಗೂಡುಗಳಿಗೆ ನೀರು ಚಿಮುಕಿಸುತ್ತಾರೆ. ಒಬ್ಬ ಮೇಷ್ಟ್ರು ಹಿಡಿದ ಕಾವಲು ಇಂದಿಗೂ ಮುಂದುವರಿದಿದೆ.

ಮರಳಿ ಬಂದ ಕಡಲಸಿಂಹ

ಇದೇ ಒಟಾಗೊ ತೀರದಲ್ಲಿ 1993ರಲ್ಲಿ ಹೆಣ್ಣು ಕಡಲಸಿಂಹವೊಂದು ಮರಿ ಹಾಕಿತು. ನ್ಯೂಜಿಲೆಂಡ್‌ನ ಮುಖ್ಯ ಭೂಭಾಗದಲ್ಲಿ ನೂರೈವತ್ತು ವರ್ಷಗಳಲ್ಲಿ ಅದೇ ಮೊದಲು. ಒಂದು ತಾಯಿಯಿಂದ ಶುರುವಾದ ಸಂತಾನ ಈಗ ಈ ತೀರದಲ್ಲಿ ಹಬ್ಬಿದೆ. 2021ರಲ್ಲಿ ಕಡಲಸಿಂಹವೊಂದು ಮರಿಯೊಂದಿಗೆ ಡ್ಯುನೆಡಿನ್‌ನ ಗಾಲ್ಫ್ ಮೈದಾನದಲ್ಲಿ ಬೀಡುಬಿಟ್ಟು, ಕಡಲಿಗೆ ಹೋಗಲು ರಸ್ತೆ ದಾಟತೊಡಗಿತು. ನಗರಾಡಳಿತ ಆ ರಸ್ತೆಯನ್ನೇ ವಾಹನಗಳಿಗೆ ಬಂದ್ ಮಾಡಿತು.

ಬಾಲ್‌ಕ್ಲೂಥಾ ಬಳಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಕ್ಯಾಟ್ಲಿನ್ಸ್. ಜನವಸತಿ ವಿರಳ. ಮೊಬೈಲ್ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಪೆಟ್ರೋಲ್ ಬಂಕ್‌ಗಳು ಕಡಿಮೆ, ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳಬೇಕು. ನಗೆಟ್ ಪಾಯಿಂಟ್‌ನ ದೀಪಸ್ತಂಭ 1870ರಿಂದ ಬೆಳಗುತ್ತಿದೆ. ಅದರ ಕೆಳಗೆ ಕಡಲಲ್ಲಿ ಚೆಲ್ಲಿದಂತಿರುವ ಬಂಡೆಗಳ ಸುತ್ತ ಸೀಲ್‌ಗಳು ಈಜುವುದು ಮೇಲಿನಿಂದಲೇ ಕಾಣುತ್ತದೆ. 1874ರ ಹೊಸವರ್ಷದ ದಿನ ವಲಸಿಗರನ್ನು ಹೊತ್ತು ಬಂದ ‘ಸೂರತ್’ ಎಂಬ ಹಡಗು ಈ ತೀರದಲ್ಲಿ ಬಂಡೆಗೆ ತಾಗಿತು. ನಮ್ಮ ಗುಜರಾತಿನ ಬಂದರಿನ ಹೆಸರು ಹೊತ್ತ ಆ ಹಡಗಿನಿಂದಾಗಿ ಈ ಕೊಲ್ಲಿ ಇಂದಿಗೂ ಸೂರತ್ ಬೇ. ಕಡಲಸಿಂಹಗಳು ಇಲ್ಲಿನ ಮರಳನ್ನು ಮೈಮೇಲೆ ಎರಚಿಕೊಂಡು ಹಾಯಾಗಿ ಮಲಗುತ್ತವೆ. 20 ಮೀಟರ್ ದೂರ ಬಿಡಬೇಕೆಂಬುದು ನಿಯಮ. ಮೈ ಭಾರವಿದ್ದರೂ ಓಡಿದರೆ ಮನುಷ್ಯನನ್ನು ಹಿಂದಿಕ್ಕಬಲ್ಲವು.

ಕಲ್ಲಾದ ಕಾಡು, ಕರಗುತ್ತಿರುವ ಹಕ್ಕಿ

ಕ್ಯೂರಿಯೊ ಬೇ ಈ ಪಯಣದ ಮುಕುಟ. ಇಳಿತದ ಹೊತ್ತಿಗೆ ಕಡಲು ಹಿಂದೆ ಸರಿದಾಗ ಚಪ್ಪಟೆ ಬಂಡೆಯ ಹಾಸಿನ ಮೇಲೆ ಮರದ ಬೊಡ್ಡೆಗಳು, ಉರುಳಿದ ಕಾಂಡಗಳು ತೋರುತ್ತವೆ. ಬಾಗಿ ನೋಡಿದರೆ ಮರದ ಎಳೆಗಳೂ ಕಾಣುತ್ತವೆ. ಮುಟ್ಟಿದರೆ ಕಲ್ಲು. ಜುರಾಸಿಕ್ ಯುಗದಲ್ಲಿ, ಸುಮಾರು 17–18 ಕೋಟಿ ವರ್ಷಗಳ ಹಿಂದೆ, ಜ್ವಾಲಾಮುಖಿಯ ಬೂದಿ, ಕೆಸರು ಹೊತ್ತ ಪ್ರವಾಹದಲ್ಲಿ ಹೂತುಹೋದ ಕಾಡು ಇದು. ಆಗ ಈ ನೆಲವೂ ನಮ್ಮ ಕನ್ನಡ ನೆಲವೂ ಒಂದೇ ಗೊಂಡ್ವಾನ ಭೂಖಂಡದ ಭಾಗಗಳಾಗಿದ್ದವು.

ಅಲ್ಲಿ ಬೇಸಿಗೆಯಲ್ಲಿ ಹೊತ್ತು ಮುಳುಗುವಾಗ ರಾತ್ರಿ ಒಂಬತ್ತೂವರೆ. ಅದಕ್ಕೂ ಮುಂಚೆ, ಇಳಿಬಿಸಿಲಿನಲ್ಲಿ, ಹೊಯ್‌ಹೊ ಬರುತ್ತದೆ. ಹಳದಿ ಕಣ್ಣಿನ, ತಲೆಗೆ ಹಳದಿ ಪಟ್ಟಿ ಕಟ್ಟಿದಂತಿರುವ, ಎರಡಡಿ ಎತ್ತರದ ಪೆಂಗ್ವಿನ್. ನೊರೆಯಿಂದ ಹೊರಬಂದು, ಕಲ್ಲಾದ ಕಾಂಡದ ಮೇಲೆ ನಿಂತು, ಬಲಕ್ಕೂ ಎಡಕ್ಕೂ ಬಹಳ ಹೊತ್ತು ನೋಡುತ್ತದೆ. ದಾರಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಪುಟುಪುಟು ಹೆಜ್ಜೆಯಿಟ್ಟು ದಂಡೆಯ ಪೊದೆಯೊಳಗೆ ಹೋಗುತ್ತದೆ. ಓಮರೂವಿನ ನೀಲಿ ಪೆಂಗ್ವಿನ್‌ನಂತೆ ಇದಕ್ಕೆ ಗುಂಪಿಲ್ಲ. ಒಂಟಿಯಾಗಿ ಬಂದು, ನೆರೆಯವರ ಗೂಡು ಕಾಣದ ಮರೆ ಹುಡುಕಿ ಬದುಕುವ ಹಕ್ಕಿ. ತೀರದಲ್ಲಿ ಒಬ್ಬ ಮನುಷ್ಯ ನಿಂತಿದ್ದರೂ ನೀರಿಗೇ ಮರಳುತ್ತದೆ. ಅತ್ತ ಗೂಡಿನಲ್ಲಿ ಮರಿ ಹಸಿದು ಕೂಗುತ್ತಿರುತ್ತದೆ. ಒಂದು ಸೆಲ್ಫಿಗಾಗಿ ಯಾರೋ ಹತ್ತು ಹೆಜ್ಜೆ ಮುಂದೆ ಇಟ್ಟರೆ ಅದರ ಬೆಲೆ ತೆರುವುದು ಆ ಮರಿ.

ದೇಶದ ಐದು ಡಾಲರ್ ನೋಟಿನ ಮೇಲೆ ಇದರ ಚಿತ್ರವಿದೆ. ‘ವರ್ಷದ ಹಕ್ಕಿ’ ಎಂದು ಜನ 2019ರಲ್ಲಿ, ಮತ್ತೆ 2024ರಲ್ಲಿ ಇದನ್ನು ಆರಿಸಿದರು. ಆದರೂ ಮುಖ್ಯ ಭೂಭಾಗದಲ್ಲಿ ಇದರ ಸಂಖ್ಯೆ ಕೆಲವೇ ವರ್ಷಗಳಲ್ಲಿ ತೀವ್ರವಾಗಿ ಕುಸಿದಿದೆ. ಕಡಲು ಬಿಸಿಯಾಗಿ ಮೀನು ಸಿಗುತ್ತಿಲ್ಲ. ನೀರಿನಲ್ಲಿ ನಿಲ್ಲಿಸಿದ ಬಲೆಗೆ ಸಿಕ್ಕಿ ಉಸಿರುಗಟ್ಟಿ ಸಾಯುತ್ತವೆ. ಮರಿಗಳಿಗೆ ರೋಗ. ಮೊಲ ಹತೋಟಿಗೆಂದು 1880ರ ದಶಕದಲ್ಲಿ ಹೊರಗಿನಿಂದ ತಂದು ಬಿಟ್ಟ ಸ್ಟೋಟ್ ಎಂಬ ಮಾಂಸಾಹಾರಿ ಪ್ರಾಣಿ ಗೂಡಿಗೇ ನುಗ್ಗುತ್ತದೆ. ಬಾವಲಿ ಬಿಟ್ಟರೆ ನೆಲದ ಸಸ್ತನಿಯೇ ಇಲ್ಲದ ನಾಡಿನಲ್ಲಿ ಬೆಳೆದ ಹಕ್ಕಿಗಳಿಗೆ ಇಂಥ ಶತ್ರುವಿನಿಂದ ತಪ್ಪಿಸಿಕೊಳ್ಳುವ ಉಪಾಯ ಗೊತ್ತಿಲ್ಲ. ಹೊಯ್‌ಹೊ ಉಳಿಸಲೆಂದೇ 1987ರಲ್ಲಿ ಒಂದು ಟ್ರಸ್ಟ್ ಹುಟ್ಟಿತು. 2018ರಲ್ಲಿ ಡ್ಯುನೆಡಿನ್‌ನಲ್ಲಿ ವನ್ಯಜೀವಿ ಆಸ್ಪತ್ರೆ ಬಾಗಿಲು ತೆರೆಯಿತು. ಜನ ಕೈಲಾದದ್ದು ಮಾಡುತ್ತಿದ್ದಾರೆ. ಕಡಲಿನ ಬಿಸಿ, ಬಲೆ ಇವೆರಡರ ವಿಚಾರದಲ್ಲಿ ಸರ್ಕಾರಗಳು ಗಟ್ಟಿ ಹೆಜ್ಜೆ ಇಡದೆ ಈ ಹಕ್ಕಿ ಉಳಿಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪಕ್ಕದ ಪೋರ್ಪಸ್ ಬೇಯಲ್ಲಿ ಹೆಕ್ಟರ್ಸ್ ಡಾಲ್ಫಿನ್‌ಗಳು ಬೇಸಿಗೆಯಲ್ಲಿ ದಡದ ತೀರಾ ಹತ್ತಿರ ಬರುತ್ತವೆ. ಒಂದೂವರೆ ಮೀಟರ್ ಉದ್ದವೂ ಇರದ, ನ್ಯೂಜಿಲೆಂಡ್‌ನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲದ ಡಾಲ್ಫಿನ್. ಅಲ್ಲಿಂದ ಮುಂದೆ ಸ್ಲೋಪ್ ಪಾಯಿಂಟ್, ದಕ್ಷಿಣ ದ್ವೀಪದ ದಕ್ಷಿಣದ ಕೊನೆ. ಗಾಳಿಯ ಹೊಡೆತಕ್ಕೆ ಮರಗಳೆಲ್ಲ ಒಂದೇ ದಿಕ್ಕಿಗೆ ಬಾಗಿ ಬೆಳೆದಿವೆ. ವಿಷುವದ್ವೃತ್ತಕ್ಕಿಂತ ದಕ್ಷಿಣ ಧ್ರುವವೇ ಇಲ್ಲಿಗೆ ಹತ್ತಿರ.

ಹೊರಡುವವರಿಗೆ ಒಂದು ಮಾತು

ನವೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಅಲ್ಲಿಯೂ ವಾಹನ ಓಡಿಸುವುದು ಎಡಬದಿಯಲ್ಲೇ, ಇಂಗ್ಲಿಷ್‌ನಲ್ಲಿರುವ ನಮ್ಮ ಪರವಾನಗಿ ನಡೆಯುತ್ತದೆ. ಒಂದೇ ವಾಹನ ಹಾಯುವ ಸೇತುವೆಗಳಲ್ಲಿ ಫಲಕ ನೋಡಿ ಎದುರಿನವರಿಗೆ ದಾರಿ ಬಿಡಬೇಕು. ಹಣ್ಣು, ಬೀಜ, ಜೇನು ಒಯ್ಯಬೇಡಿ. ತಿನಿಸು ಏನೇ ಇದ್ದರೂ ವಿಮಾನ ನಿಲ್ದಾಣದಲ್ಲಿ ಬರೆದು ತಿಳಿಸಿ. ಇಲ್ಲವಾದರೆ 400 ಡಾಲರ್ ದಂಡ. ಉಬ್ಬರ ಇಳಿತದ ವೇಳಾಪಟ್ಟಿ ಕೈಯಲ್ಲಿರಲಿ. ದುರ್ಬೀನು ಮರೆಯಬೇಡಿ. ಎಲ್ಲವನ್ನೂ ಒಂದೇ ಉಸಿರಿಗೆ ನೋಡುವ ಹಟ ಬೇಡ. ನಾಲ್ಕು ಊರು ಬಿಟ್ಟರೂ ಚಿಂತೆಯಿಲ್ಲ, ಒಂದು ತೀರದಲ್ಲಿ ಎರಡು ಸಂಜೆ ಕಾಯಿರಿ.

ನ್ಯೂಜಿಲೆಂಡ್‌ಗೆ ಹೋಗಲಾಗದವರಿಗೂ ಈ ಮಾತು ಸಲ್ಲುತ್ತದೆ. ನಮ್ಮ ಉತ್ತರ ಕನ್ನಡದ ಮರಳಿನಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಅರಣ್ಯ ಇಲಾಖೆಯವರು, ಮೀನುಗಾರರು ಸೇರಿ ಆ ಗೂಡುಗಳನ್ನು ಕಾಯುತ್ತಾರೆ. ಅಂಥ ತೀರಕ್ಕೆ ಹೋದಾಗ ಜೀಪು ಮರಳಿಗೆ ಇಳಿಸಬೇಡಿ. ಟಾರ್ಚು, ಫ್ಲ್ಯಾಶು ಆರಿಸಿ. ಮಕ್ಕಳಿಗೂ ಹೇಳಿ, ಕಾಡುಜೀವಿಯನ್ನು ಪ್ರೀತಿಸುವವರು ಅದರ ಹತ್ತಿರ ಹೋಗುವುದಿಲ್ಲ, ಅದರ ದಾರಿ ಬಿಟ್ಟು ನಿಲ್ಲುತ್ತಾರೆ.